ಧಾತು–ಈಶ್ವರ ಬರದ ಲೆಕ್ಕ: ಮೈಸೂರು ಸಂಸ್ಥಾನದ ಜನಸಂಖ್ಯೆ, 1871ರಿಂದ 1941

ಕರ್ನಾಟಕದ ಜನಸಂಖ್ಯೆಯ ಪಟ್ಟಿಯನ್ನು ಎಲ್ಲಿ ತೆಗೆದು ನೋಡಿದರೂ ಸಾಮಾನ್ಯವಾಗಿ ಮೊದಲ ಸಾಲು 1901ರದ್ದೇ: 130.55 ಲಕ್ಷ. ಅಲ್ಲಿಂದ 2011ರ 610.95 ಲಕ್ಷದವರೆಗೆ ಅಂಕಿ ಕೆಳಗಿಳಿದದ್ದು ಒಂದೇ ಸಲ. ಅದು 1911–21ರ ದಶಕ, 135.25 ಲಕ್ಷದಿಂದ 133.78 ಲಕ್ಷಕ್ಕೆ. ಇಷ್ಟನ್ನೇ ನೋಡಿದರೆ ಈ ನಾಡಿನಲ್ಲಿ ಜನ ಯಾವಾಗಲೂ ಹೆಚ್ಚುತ್ತಲೇ ಬಂದರು, 1918ರ ಇನ್‌ಫ್ಲುಯೆಂಜಾ ಒಂದೇ ಅಪವಾದ ಎಂದು ತೋರುತ್ತದೆ. ಅದಕ್ಕಿಂತ ಬಹಳ ದೊಡ್ಡ ಕುಸಿತ ಈ ಪಟ್ಟಿ ಶುರುವಾಗುವ ಮೊದಲೇ ಆಗಿಹೋಗಿತ್ತು. 1876–78ರ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಆರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಂಡಿತು.

ಜನಸಂಖ್ಯೆ ಹೇಗೆ ಬದಲಾಗುತ್ತದೆ ಎಂಬುದನ್ನು ಕಲಿಯಲು ಈ ಪ್ರಕರಣ ಎರಡು ಕಾರಣಕ್ಕೆ ಅನುಕೂಲ. ಬರದ ಮೊದಲೂ ನಂತರವೂ ಖಾನೇಷುಮಾರಿ, ಅಂದರೆ ಜನಗಣತಿ, ನಡೆದಿದೆ. ಸಂಸ್ಥಾನದ ಗಡಿಯೂ ಆ ಕಾಲದುದ್ದಕ್ಕೆ ಹೆಚ್ಚುಕಮ್ಮಿ ಒಂದೇ ಆಗಿತ್ತು.

ಅಂಕಿಗಳು

1871 (ನವೆಂಬರ್ 14): 50,55,412
1881 (ಫೆಬ್ರವರಿ 17): 41,86,188
1891 (ಫೆಬ್ರವರಿ 26): 49,43,604
1901 (ಮಾರ್ಚ್ 1): 55,39,399
1911 (ಮಾರ್ಚ್ 10): 58,06,193
1921 (ಮಾರ್ಚ್ 18): 59,78,892
1931 (ಫೆಬ್ರವರಿ 26): 65,57,302
1941 (ಮಾರ್ಚ್): ಸುಮಾರು 73.29 ಲಕ್ಷ

ತಾರೀಖುಗಳನ್ನು ಬೇಕೆಂದೇ ಕೊಟ್ಟಿದೆ. ಮೊದಲ ಎರಡು ಗಣತಿಗಳ ನಡುವಿನ ಅಂತರ ಹತ್ತು ವರ್ಷವಲ್ಲ, ಒಂಬತ್ತು ವರ್ಷ ಮೂರು ತಿಂಗಳು. ಅವುಗಳ ಕಾಲವೂ ಬೇರೆ. ನವೆಂಬರ್ ಎಂದರೆ ಮೈದಾನದಲ್ಲಿ ರಾಗಿ ಕೊಯ್ಲಿನ ದಿನಗಳು, ಜನ ಊರಲ್ಲೇ ಇರುತ್ತಾರೆ. ಫೆಬ್ರವರಿಯಲ್ಲಿ ಕೊಯ್ಲು ಮುಗಿದು, ಕೂಲಿಗೆ ಹೋಗುವವರು ಘಟ್ಟದ ತೋಟಗಳಲ್ಲಿರಬಹುದು. ಇನ್ನೊಂದು ಎಚ್ಚರಿಕೆಯೂ ಬೇಕು. 1881ರ ಮಾರ್ಚ್‌ನಲ್ಲಿ ಆಡಳಿತ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿದಾಗ ಬೆಂಗಳೂರು ದಂಡು ಪ್ರದೇಶ (ಕಂಟೋನ್ಮೆಂಟ್) ಬ್ರಿಟಿಷರ ಬಳಿಯೇ ಉಳಿಯಿತು. ಕೆಲವು ಕೋಷ್ಟಕಗಳು ಅದನ್ನು ಸೇರಿಸಿಕೊಂಡಿರುತ್ತವೆ, ಕೆಲವು ಬಿಟ್ಟಿರುತ್ತವೆ. ಎರಡು ವರ್ಷಗಳನ್ನು ಹೋಲಿಸುವ ಮೊದಲು ಎರಡೂ ಕಡೆ ದಂಡು ಇದೆಯೇ ಎಂದು ನೋಡಿಕೊಳ್ಳದಿದ್ದರೆ ಹತ್ತಾರು ಸಾವಿರ ಜನ ಸುಮ್ಮನೆ ಮಾಯವಾಗುತ್ತಾರೆ.

1871ರಿಂದ 1881ಕ್ಕೆ ಇಳಿಕೆ 8,69,224, ಅಂದರೆ ಶೇಕಡಾ 17.2. ಇದನ್ನು ವಾರ್ಷಿಕ ದರಕ್ಕೆ ತಿರುಗಿಸಿದರೆ ವರ್ಷಕ್ಕೆ ಸುಮಾರು ಶೇ 2ರ ಇಳಿಕೆ ಎಂದು ಬರುತ್ತದೆ. ಗಣಿತ ಸರಿ, ಅರ್ಥ ತಪ್ಪು. ಮೊದಲ ನಾಲ್ಕೈದು ವರ್ಷ ಜನ ಹೆಚ್ಚಿರಬೇಕು, ಕುಸಿತವೆಲ್ಲ ಎರಡು ವರ್ಷಗಳ ಆಸುಪಾಸಿನಲ್ಲಿ ಆಗಿದೆ, ಕೊನೆಯ ಎರಡು ವರ್ಷ ಚೇತರಿಕೆ. ಮೂರು ಬೇರೆ ಬೇರೆ ಅವಸ್ಥೆಗಳ ಸರಾಸರಿ ಯಾವ ಅವಸ್ಥೆಯನ್ನೂ ಹೇಳುವುದಿಲ್ಲ.

ಒಂದು ಮಳೆ ಹೋದರೆ ಬರವಲ್ಲ

ಮೈದಾನ ಸೀಮೆಯ ಆಹಾರ ರಾಗಿ. ಅದರ ಗುಣ ಇಲ್ಲಿ ಮುಖ್ಯ: ಹಗೇವಿನಲ್ಲಿ (ನೆಲದೊಳಗಿನ ಧಾನ್ಯದ ಗುಂಡಿಯಲ್ಲಿ) ಮುಚ್ಚಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹೀಗಾಗಿ ಒಂದು ಬೆಳೆ ಕೈಕೊಟ್ಟರೆ ಜನ ಹಗೇವು ತೆಗೆದು ತಿಂದು ದಾಟುತ್ತಿದ್ದರು. 1875ರಲ್ಲಿ ಮಳೆ ಕಡಿಮೆಯಾಗಿ ದಾಸ್ತಾನು ಕರಗಿತು. 1876ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. 1877ರಲ್ಲಿ ಬಿತ್ತನೆಯ ಹೊತ್ತಿಗೆ ಮತ್ತೆ ಮಳೆಯಿಲ್ಲ. ನೆಲ ತೊಯ್ದದ್ದು ಸೆಪ್ಟೆಂಬರ್ ಹೊತ್ತಿಗೆ. ಜನರನ್ನು ಕೊಂದದ್ದು ಮೂರನೆಯ ಪೆಟ್ಟು.

ಧಾನ್ಯ ಹೊರಗಿಂದ ಬರಲಿಲ್ಲವೆಂದಲ್ಲ. ಮದ್ರಾಸಿನಿಂದ ಬೆಂಗಳೂರಿಗೆ 1864ರಿಂದಲೇ ರೈಲು ಇತ್ತು. ಆದರೆ ಹಳಿ ಅಲ್ಲಿಗೇ ಮುಗಿಯುತ್ತಿತ್ತು. ಮುಂದೆ ಸಾಗಿಸಲು ಎತ್ತಿನ ಗಾಡಿಯೇ ಗತಿ, ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. ಇದರ ಎರಡನೆಯ ಪರಿಣಾಮ ಮಳೆ ಬಂದ ಮೇಲೆ ಕಂಡಿತು: ಉಳಲು ಎತ್ತಿಲ್ಲ, ಬಿತ್ತಲು ಬೀಜವಿಲ್ಲ. ಬೆಂಗಳೂರು–ಮೈಸೂರು ರೈಲು ಮಾರ್ಗದ ಕೆಲಸ ಬರದ ಕಾಮಗಾರಿಯಾಗಿ ಶುರುವಾದದ್ದು ಈ ಸಂದರ್ಭದಲ್ಲಿ.

ಪರಿಹಾರದ ಕೂಲಿಯ ಬಗ್ಗೆ ಒಂದು ಲೆಕ್ಕ. ನೆರೆಯ ಮದ್ರಾಸ್ ಪ್ರಾಂತ್ಯದಲ್ಲಿ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಗೊತ್ತುಮಾಡಿದ ದಿನಗೂಲಿಯಲ್ಲಿ ಧಾನ್ಯದ ಪಾಲು ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ. ಜೊತೆಗೆ ಚಿಲ್ಲರೆ ಕಾಸು. ಅಷ್ಟು ಅಕ್ಕಿಯಿಂದ ಸಿಗುವುದು ಹೆಚ್ಚೆಂದರೆ 1,600 ಕ್ಯಾಲೊರಿ. ಮಣ್ಣು ಅಗೆದು ಹೊರುವ ಆಳಿಗೆ ಅದರ ಒಂದೂವರೆ ಪಟ್ಟಿಗಿಂತ ಹೆಚ್ಚು ಬೇಕು. ಪ್ರಾಂತ್ಯದ ಆರೋಗ್ಯಾಧಿಕಾರಿ ಕಾರ್ನಿಶ್ ಇದನ್ನು ಆಗಲೇ ಬರವಣಿಗೆಯಲ್ಲಿ ವಿರೋಧಿಸಿದ್ದ. ವೈಸರಾಯ್ ಲಿಟ್ಟನ್ 1877ರಲ್ಲಿ ದಕ್ಷಿಣಕ್ಕೆ ಬಂದು ಹೋದ ಹೊತ್ತಿನಲ್ಲಿ ಚಾರ್ಲ್ಸ್ ಎಲಿಯಟ್ ಮೈಸೂರಿನ ಕ್ಷಾಮ ಆಯುಕ್ತನಾದ. ಆತನೇ ಮುಂದೆ ಸ್ಟ್ರೇಚಿ ಅಧ್ಯಕ್ಷತೆಯ ಕ್ಷಾಮ ಆಯೋಗದ ಕಾರ್ಯದರ್ಶಿ. ಬರ ಬಂದಾಗ ಸರ್ಕಾರ ಏನು ಮಾಡಬೇಕೆಂದು ಹೇಳುವ ಕ್ಷಾಮ ಸಂಹಿತೆಗಳು ಹುಟ್ಟಿದ್ದು ಆ ಆಯೋಗದ ವರದಿಯಿಂದ.

ಬರದಲ್ಲಿ ಹೆಚ್ಚಿನವರು ನೇರವಾಗಿ ಹಸಿವಿನಿಂದಲೇ ಸಾಯುವುದಿಲ್ಲ. ಗಂಜಿ ಕೇಂದ್ರಗಳಲ್ಲಿ, ಕಾಮಗಾರಿ ಶಿಬಿರಗಳಲ್ಲಿ ಜನ ಒತ್ತೊತ್ತಾಗಿ ಸೇರುತ್ತಾರೆ. ಕಾಲರಾ, ಆಮಶಂಕೆ, ಸಿಡುಬು ಅಲ್ಲಿಂದ ಹಬ್ಬುತ್ತವೆ. ಮಳೆ ಬಂದ ಕೂಡಲೇ ಸಾವು ನಿಲ್ಲುವುದೂ ಇಲ್ಲ. ನೀರು ನಿಂತು ಸೊಳ್ಳೆ ಹೆಚ್ಚಿ, ಸೊರಗಿದ ಮೈಗಳಿಗೆ ಮಲೇರಿಯಾ ತಗಲುತ್ತದೆ. 1877ರ ಕೊನೆಯ ತಿಂಗಳುಗಳಲ್ಲಿ, ಬೆಲೆ ಇಳಿಯತೊಡಗಿದರೂ, ಸಾವು ಮುಂದುವರಿದದ್ದಕ್ಕೆ ಕಾರಣ ಇದು.

8.69 ಲಕ್ಷ ಎಂದರೆ ಸತ್ತವರ ಸಂಖ್ಯೆಯಲ್ಲ

ಪತ್ರಿಕೆಗಳಲ್ಲಿ ಈ ತಪ್ಪು ಮತ್ತೆ ಮತ್ತೆ ಕಾಣುತ್ತದೆ: ಎರಡು ಗಣತಿಗಳನ್ನು ಕಳೆದು, ಬಂದದ್ದನ್ನು ಸಾವು ಎಂದು ಬರೆಯುವುದು. ಆ ವ್ಯತ್ಯಾಸದಲ್ಲಿ ಜನನ, ಮರಣ, ವಲಸೆ ಮೂರೂ ಸೇರಿವೆ. ಬರ ಬರದೇ ಇದ್ದಿದ್ದರೆ 1881ರಲ್ಲಿ ಎಷ್ಟು ಜನ ಇರುತ್ತಿದ್ದರು ಎಂದು ಮೊದಲು ಅಂದಾಜು ಮಾಡಬೇಕು. ಅದಕ್ಕೆ ಒಂದು ಬೆಳವಣಿಗೆ ದರವನ್ನು ಊಹಿಸಲೇಬೇಕು.

ವರ್ಷಕ್ಕೆ ಶೇ 0.5 ಎಂದಿಟ್ಟುಕೊಂಡರೆ 9.26 ವರ್ಷಕ್ಕೆ 50.55 ಲಕ್ಷ ಬೆಳೆದು 52.95 ಲಕ್ಷವಾಗುತ್ತದೆ, ಕೊರತೆ 11.1 ಲಕ್ಷ. ಶೇ 1 ಎಂದರೆ 55.46 ಲಕ್ಷ, ಕೊರತೆ 13.6 ಲಕ್ಷ. ಬೆಳವಣಿಗೆಯೇ ಇಲ್ಲವೆಂದರೆ 8.7 ಲಕ್ಷ. ಆಗಿನ ಕಾಲಕ್ಕೆ ಶೇ 0.5 ಅತಿಯಾಗದ ಊಹೆ. ರೋಗ ರುಜಿನಗಳಿಲ್ಲದ ವರ್ಷಗಳಲ್ಲಿ ಇದಕ್ಕಿಂತ ಹೆಚ್ಚೇ ಇದ್ದಿರಬಹುದು. 1871ರದ್ದು ಮೊದಲ ಕ್ರಮಬದ್ಧ ಗಣತಿ, ಬಿಟ್ಟುಹೋದವರು ಹೆಚ್ಚು; 1881ರದ್ದು ಅದಕ್ಕಿಂತ ಪಳಗಿದ ಕೈ. ಹಾಗಾಗಿ ನಿಜವಾದ ಕೊರತೆ ಲೆಕ್ಕಕ್ಕೆ ಸಿಕ್ಕಿದ್ದಕ್ಕಿಂತ ದೊಡ್ಡದೇ ಹೊರತು ಚಿಕ್ಕದಲ್ಲ.

ಈ ಹನ್ನೊಂದು ಲಕ್ಷದಲ್ಲಿ ಒಂದು ಪಾಲು ಸತ್ತವರು, ಒಂದು ಪಾಲು ಹುಟ್ಟಬೇಕಾಗಿದ್ದೂ ಹುಟ್ಟದ ಮಕ್ಕಳು, ಇನ್ನೊಂದು ಪಾಲು ಊರು ಬಿಟ್ಟು ಹೋಗಿ ಎಣಿಕೆಯ ದಿನಕ್ಕೆ ಮರಳದವರು. ಬೇರ್ಪಡಿಸಲು ಜನನ–ಮರಣ ದಾಖಲೆ ಬೇಕು. ಅದನ್ನು ಇಡುತ್ತಿದ್ದವರು ಊರಿನ ಪಟೇಲ, ಶಾನುಭೋಗರು. ಸಾವು ಹೆಚ್ಚಾದಾಗಲೇ ಈ ಏರ್ಪಾಡು ಕುಸಿಯುತ್ತದೆ. ಸುದ್ದಿ ತರಬೇಕಾದ ತೋಟಿ, ತಳವಾರರೇ ಊರು ಬಿಟ್ಟಿರುತ್ತಾರೆ. ದಾರಿಯಲ್ಲಿ ಬಿದ್ದು ಸತ್ತವರು ಯಾವ ಊರಿನ ಪುಸ್ತಕಕ್ಕೂ ಸೇರುವುದಿಲ್ಲ. ದಾಖಲಾದ ಸಾವುಗಳನ್ನೇ ಕೂಡಿ ಬರದ ಬಲಿ ಎಂದರೆ ಅದು ಕನಿಷ್ಠ ಮಿತಿಯೂ ಅಲ್ಲ, ದಾಖಲೆ ಎಲ್ಲಿಯವರೆಗೆ ಬದುಕಿತ್ತು ಎಂಬುದರ ಅಳತೆ, ಅಷ್ಟೇ.

ಗಂಡು ಎಷ್ಟು, ಹೆಣ್ಣು ಎಷ್ಟು

1871ರಲ್ಲಿ ಗಂಡಸರು 25,35,924, ಹೆಂಗಸರು 25,19,488. ಸಾವಿರ ಗಂಡಸರಿಗೆ 994 ಹೆಂಗಸರು. 1881ರಲ್ಲಿ ಗಂಡಸರು 20,85,842, ಹೆಂಗಸರು 21,00,346. ಅನುಪಾತ 1,007ಕ್ಕೆ ಏರಿತು. ಇಳಿಕೆಯನ್ನು ಬಿಡಿಸಿದರೆ ಗಂಡಸರಲ್ಲಿ 4,50,082 (ಶೇ 17.7), ಹೆಂಗಸರಲ್ಲಿ 4,19,142 (ಶೇ 16.6). ಕಡಿಮೆಯಾದ ಗಂಡಸರ ಸಂಖ್ಯೆ ಸುಮಾರು 31,000 ಹೆಚ್ಚು.

ಇದಕ್ಕೆ ಮೂರು ವಿವರಣೆ ಸಾಧ್ಯ. ಮೊದಲನೆಯದು ದೇಹದ್ದು. ಹೆಣ್ಣು ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು, ದಿನದ ಅಗತ್ಯ ಕಡಿಮೆ, ಆದ್ದರಿಂದ ಅನ್ನವಿಲ್ಲದಾಗ ಹೆಂಗಸರು ತುಸು ಹೆಚ್ಚು ಕಾಲ ತಡೆಯುತ್ತಾರೆ. ಇಂಡಿಯಾದ ಬೇರೆ ಬರಗಳಲ್ಲೂ ಇದು ಕಂಡಿದೆ. ಎರಡನೆಯದು ವಲಸೆ. ಗಂಡಸರು ಕೂಲಿ ಹುಡುಕಿ ಹೊರಗೆ ಹೋಗಿರುತ್ತಾರೆ, ಹೆಂಗಸರು ಮಕ್ಕಳೊಂದಿಗೆ ಊರಲ್ಲೋ ತವರಲ್ಲೋ ಉಳಿಯುತ್ತಾರೆ. ಮೂರನೆಯದು ಎಣಿಕೆಯದು. 1871ರಲ್ಲಿ ಮನೆಯ ಹೆಂಗಸರನ್ನು ಹೇಳದೆ ಬಿಟ್ಟವರು ಇದ್ದಿದ್ದರೆ, 1881ರಲ್ಲಿ ಅವರನ್ನೂ ಬರೆದುಕೊಂಡದ್ದರಿಂದ ಹೆಂಗಸರ ಇಳಿಕೆ ಕಡಿಮೆ ಕಾಣುತ್ತದೆ.

ಯಾವುದು ಎಷ್ಟು ಎನ್ನಲು 1891ರ ಅಂಕಿ ಸ್ವಲ್ಪ ಸಹಾಯ ಮಾಡುತ್ತದೆ. ಆ ಹತ್ತು ವರ್ಷದಲ್ಲಿ ಗಂಡಸರು ಶೇ 19.1ರಷ್ಟು ಹೆಚ್ಚಿದರೆ ಹೆಂಗಸರು ಶೇ 17.1. ಸತ್ತವರು ಮರಳಿ ಬರುವುದಿಲ್ಲ, ಹುಟ್ಟುವ ಮಕ್ಕಳಲ್ಲಿ ಗಂಡು–ಹೆಣ್ಣಿನ ಅನುಪಾತ ಇಷ್ಟು ವಾಲುವುದೂ ಇಲ್ಲ. ಹಾಗಾದರೆ ಹೊರಗಿದ್ದ ಗಂಡಸರು ಮರಳಿದ್ದಾರೆ, ಇಲ್ಲವೇ ಹೊಸ ಗಂಡಸರು ಬಂದಿದ್ದಾರೆ. ಎರಡನೆಯದಕ್ಕೂ ಕಾರಣ ಇತ್ತು. 1880ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳು ತೆರೆದು ತಮಿಳು ಸೀಮೆಯಿಂದ ಕೆಲಸಗಾರರು ಬರತೊಡಗಿದ್ದರು. 1901ರ ಹೊತ್ತಿಗೆ ಆ ಗಣಿ ಊರಿನಲ್ಲೇ 38,204 ಜನ. ಅನುಪಾತ 1891ರಲ್ಲಿ ಮತ್ತೆ 991ಕ್ಕೆ, 1901ರಲ್ಲಿ 980ಕ್ಕೆ ಇಳಿಯಿತು. 1881ರ 1,007 ಬರದ ಗುರುತೇ ಹೊರತು ಹೆಂಗಸರ ಸ್ಥಿತಿ ಸುಧಾರಿಸಿದ್ದರ ಗುರುತಲ್ಲ. ಲಿಂಗಾನುಪಾತ ಏರಿತೆಂದ ಕೂಡಲೇ ಸಂತೋಷಪಡುವವರು ಇದನ್ನು ನೆನಪಿಟ್ಟರೆ ಒಳ್ಳೆಯದು.

ವಯಸ್ಸಿನ ಪಟ್ಟಿಯಲ್ಲಿ ಬಿದ್ದ ಗುಂಡಿ

ಬರದಲ್ಲಿ ಹೆಚ್ಚು ಸಾಯುವವರು ಎಳೆಯರು ಮತ್ತು ಮುದುಕರು. ಅದರ ಜೊತೆಗೆ ಗರ್ಭಧಾರಣೆಯೂ ನಿಲ್ಲುತ್ತದೆ. ಮುಟ್ಟು ನಿಲ್ಲುತ್ತದೆ, ಗಂಡಹೆಂಡಿರು ಬೇರೆಯಾಗುತ್ತಾರೆ, ಮದುವೆಗಳು ಮುಂದಕ್ಕೆ ಹೋಗುತ್ತವೆ. ಜನನದ ತಗ್ಗು ಹಸಿವಿನ ತುದಿಗೆ ಒಂಬತ್ತು ತಿಂಗಳ ನಂತರ ಕಾಣುತ್ತದೆ. 1877ರಲ್ಲಿ ಹಸಿವು ಹೆಚ್ಚಿದ್ದರೆ ಖಾಲಿ ತೊಟ್ಟಿಲುಗಳು 1878ರವು.

ಈ ಗುಂಡಿಯನ್ನು ವಯಸ್ಸಿನ ಕೋಷ್ಟಕದಲ್ಲಿ ಹುಡುಕುವವರು ಸಾಮಾನ್ಯವಾಗಿ ಎಡವುವುದು ಇಲ್ಲಿ. 1876ರ ಮಧ್ಯದಿಂದ 1878ರ ಕೊನೆಯವರೆಗೆ ಹುಟ್ಟಿದವರಿಗೆ 1881ರ ಫೆಬ್ರವರಿಯಲ್ಲಿ ಎರಡರಿಂದ ನಾಲ್ಕೂವರೆ ವರ್ಷ. ಅವರು 0–4ರ ಗುಂಪಿನಲ್ಲಿದ್ದಾರೆ. ಅದೇ ಗುಂಪಿನಲ್ಲಿ 1879, 1880ರಲ್ಲಿ ಹುಟ್ಟಿದ ಚೇತರಿಕೆಯ ಮಕ್ಕಳೂ ಇದ್ದಾರೆ. ಐದು ವರ್ಷದ ಗುಂಪನ್ನಷ್ಟೇ ನೋಡಿದರೆ ಒಂದು ಇನ್ನೊಂದನ್ನು ಮುಚ್ಚಿಬಿಡುತ್ತದೆ. 1881ಕ್ಕೆ ಬಿಡಿ ವಯಸ್ಸುಗಳನ್ನೇ ನೋಡಬೇಕು: 2, 3, 4.

1891ಕ್ಕೆ ಅದೇ ಮಕ್ಕಳು 12ರಿಂದ 14, ಅಂದರೆ 10–14ರ ಗುಂಪು. 1901ಕ್ಕೆ 20–24. 1911ಕ್ಕೆ 30–34. ಇಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಹುಟ್ಟಿದ ದಿನ ಬರೆದಿಡದ ಜನ ವಯಸ್ಸು ಹೇಳುವುದು ಇಪ್ಪತ್ತು, ಇಪ್ಪತ್ತೈದು, ಮೂವತ್ತು ಎಂದು. ಸೊನ್ನೆ ಮತ್ತು ಐದಕ್ಕೆ ಕೊನೆಯಾಗುವ ವಯಸ್ಸುಗಳ ಮೇಲೆ ರಾಶಿ ಬೀಳುತ್ತದೆ. 23, 24ರವರನ್ನು ಪಕ್ಕದ 25 ಎಳೆದುಕೊಳ್ಳುತ್ತದೆ. ಹಾಗಾಗಿ 1901ರ 20–24 ಸಪೂರವಾಗಿ ಕಂಡರೆ ಅದು ಬರದ್ದೋ ವಯಸ್ಸು ಹೇಳುವ ರೂಢಿಯದ್ದೋ ಗೊತ್ತಾಗುವುದಿಲ್ಲ. ಬಿಡಿಸುವ ದಾರಿ ಸರಳ: ಅದೇ ವಯೋಗುಂಪನ್ನು ಬೇರೆ ಗಣತಿಯದರೊಂದಿಗೆ ಹೋಲಿಸುವುದು. ರೂಢಿಯ ದೋಷ ಪ್ರತಿ ಗಣತಿಯಲ್ಲೂ 20–24ರಲ್ಲೇ ಇರುತ್ತದೆ. ಬರದ ಗುಂಡಿ ಮಾತ್ರ ಪ್ರತಿ ಸಲ ಹತ್ತು ವರ್ಷ ಮುಂದಕ್ಕೆ ನಡೆಯುತ್ತದೆ. ವಯಸ್ಸು ಗೊತ್ತಿಲ್ಲದವರನ್ನು “ಧಾತು–ಈಶ್ವರ ಬರದಲ್ಲಿ ನೀನು ಎಷ್ಟಿದ್ದೆ?” ಎಂದು ಕೇಳಿ ಅಂದಾಜಿಸುತ್ತಿದ್ದುದುಂಟು. ಬರವೇ ವಯಸ್ಸಿನ ಮೊಳೆಯಾದಾಗ ಆ ವರ್ಷದ ಆಸುಪಾಸಿಗೆ ಇನ್ನೊಂದು ರಾಶಿ ಸೇರುವ ಅಪಾಯವೂ ಇತ್ತು.

ಚೇತರಿಕೆ ಏಕೆ ಅಷ್ಟು ಜೋರು, ಆಮೇಲೆ ಏಕೆ ನಿಧಾನ

1881–91ರಲ್ಲಿ ಶೇ 18.1 ಏರಿಕೆ. ಅಂದಿನ ಮಟ್ಟಿಗೆ ಇದು ಅಸಾಧಾರಣ. ಆಡಳಿತ ಸುಧಾರಿಸಿತು, ದಿವಾನ್ ರಂಗಾಚಾರ್ಲು ಬಂದರು ಎಂದು ಇದನ್ನು ವಿವರಿಸುವುದುಂಟು. ಅದರ ಪಾಲು ಇರಬಹುದು, ಆದರೆ ಹೆಚ್ಚಿನ ಕೆಲಸ ವಯೋರಚನೆಯದು. ಬೇಗ ಸಾಯಬಹುದಾಗಿದ್ದವರು ಬರದಲ್ಲೇ ಹೋಗಿದ್ದರು. ಉಳಿದವರಲ್ಲಿ ನಡುಹರೆಯದವರ ಪಾಲು ದೊಡ್ಡದು. ಅವರು ಕಡಿಮೆ ಸಾಯುತ್ತಾರೆ, ಹೆಚ್ಚು ಹೆರುತ್ತಾರೆ. ಕೂಸು ಕಳೆದುಕೊಂಡ ತಾಯಿಗೆ ಮೊಲೆಯೂಡಿಸುವುದು ನಿಂತು ಬೇಗ ಮತ್ತೆ ಬಸಿರು ನಿಲ್ಲುತ್ತದೆ. ಮುಂದೂಡಿದ ಮದುವೆಗಳೆಲ್ಲ ಒಟ್ಟಿಗೆ ನಡೆಯುತ್ತವೆ. ಯಾರ ಮನೆಯಲ್ಲೂ ಹೆರುವ ರೂಢಿ ಬದಲಾಗದೆಯೇ ಸಾವಿರಕ್ಕೆ ಜನನ ಏರುತ್ತದೆ, ಮರಣ ಇಳಿಯುತ್ತದೆ.

1871ರ ಸಂಖ್ಯೆಯನ್ನು ಸಂಸ್ಥಾನ ಮರಳಿ ಮುಟ್ಟಿದ್ದು ಯಾವಾಗ? 1891ರಲ್ಲಿ ಇನ್ನೂ 1.12 ಲಕ್ಷ ಕಡಿಮೆ ಇತ್ತು. 1891–1901ರ ವಾರ್ಷಿಕ ದರ ಶೇ 1.14. ಅದೇ ದರದಲ್ಲಿ ಎರಡು ವರ್ಷ ಸಾಕು: ಸುಮಾರು 1893ರ ಮೊದಲ ತಿಂಗಳುಗಳು.

ನಂತರದ ದಶಕಗಳ ಏರಿಕೆ ಶೇ 12.1, 4.8, 3.0. ಇಳಿಮುಖಕ್ಕೆ ಎದ್ದು ಕಾಣುವ ಕಾರಣ ಪ್ಲೇಗ್. ಅದು 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು, ವರ್ಷ ವರ್ಷ ಮರುಕಳಿಸಿತು. 1918ರಲ್ಲಿ ಇನ್‌ಫ್ಲುಯೆಂಜಾ. ಇವುಗಳ ಹಿಂದೆ ಸದ್ದಿಲ್ಲದ ಇನ್ನೊಂದು ಕಾರಣವೂ ಇತ್ತು. ಬರದಲ್ಲಿ ಹುಟ್ಟದ, ಹುಟ್ಟಿಯೂ ಉಳಿಯದ ಹೆಣ್ಣುಮಕ್ಕಳು ತಾಯಂದಿರಾಗಬೇಕಿದ್ದದ್ದು 1890ರ ದಶಕದ ನಡುವಿನಿಂದ 1910ರವರೆಗೆ. ಆ ತಲೆಮಾರು ತೆಳುವಾಗಿದ್ದುದರಿಂದ ಅವರ ಮಕ್ಕಳ ತಲೆಮಾರೂ ತೆಳು. ಪ್ಲೇಗಿನ ಪಾಲನ್ನು ಇದರಿಂದ ಪೂರ್ತಿ ಬಿಡಿಸಲು ಬರುವುದಿಲ್ಲ. ಎರಡೂ ಅದೇ ದಶಕದಲ್ಲಿ ಬಿದ್ದಿವೆ. ಇಡೀ ನಿಧಾನಗತಿಯನ್ನು ಪ್ಲೇಗಿನ ಲೆಕ್ಕಕ್ಕೆ ಬರೆಯುವುದಂತೂ ತಪ್ಪು.

ಬರವಿಲ್ಲದ ಗೆರೆ

ಶೇ 0.5ರ ಅದೇ ಊಹೆಯನ್ನು 1871ರಿಂದ ಮುಂದಕ್ಕೆ ಎಳೆದರೆ, ಗೆರೆಗೂ ನಿಜವಾದ ಸಂಖ್ಯೆಗೂ ನಡುವಿನ ಕೊರತೆ ಹೀಗೆ ಬರುತ್ತದೆ: 1881ರಲ್ಲಿ 11.1 ಲಕ್ಷ, 1891ರಲ್ಲಿ 6.2, 1901ರಲ್ಲಿ 3.1. ಹೀಗೆ ಮುಚ್ಚುತ್ತ ಬಂದದ್ದು 1911ಕ್ಕೆ 3.5, 1921ಕ್ಕೆ 4.9 ಲಕ್ಷವಾಗಿ ಮತ್ತೆ ಬಿರಿಯುತ್ತದೆ. 1931ಕ್ಕೆ 2.4. 1941ಕ್ಕೆ ಗೆರೆ 71.5 ಲಕ್ಷದಲ್ಲಿದ್ದರೆ ನಿಜ ಸಂಖ್ಯೆ ಅದನ್ನು ದಾಟಿ 73.3 ಲಕ್ಷ.

ದಾಟಿತು ಎಂದು ಹೇಳುವಾಗ ಹುಷಾರಾಗಿರಬೇಕು. 1871ರಿಂದ 1941ರವರೆಗಿನ ಸರಾಸರಿ ದರವೇ ಶೇ 0.54, ಆದ್ದರಿಂದ ಶೇ 0.5ರ ಗೆರೆಯನ್ನು ಎಂದಾದರೂ ದಾಟಲೇಬೇಕಿತ್ತು. ಶೇ 1ರ ಗೆರೆ ಎಳೆದಿದ್ದರೆ 1941ಕ್ಕೆ ಅದು 101 ಲಕ್ಷದಲ್ಲಿರುತ್ತಿತ್ತು, ದಾಟುವ ಪ್ರಶ್ನೆಯೇ ಇಲ್ಲ. ನಂಬಬಹುದಾದದ್ದು ಕೊರತೆಯ ಗಾತ್ರವಲ್ಲ, ಅದರ ತಿರುವುಗಳು. 1901ರವರೆಗೆ ಮುಚ್ಚಿದ್ದು, 1921ರ ಹೊತ್ತಿಗೆ 1901ಕ್ಕಿಂತ ಹೆಚ್ಚು ಬಿರಿದದ್ದು, ಆಮೇಲೆ ಬೇಗ ಮುಚ್ಚಿದ್ದು ಶೇ 0.4 ಇಟ್ಟರೂ ಶೇ 0.6 ಇಟ್ಟರೂ ಬದಲಾಗುವುದಿಲ್ಲ. 1921ರ ನಂತರದ ಏರಿಕೆಯ ಜಾತಿಯೇ ಬೇರೆ. 1881ರ ಚೇತರಿಕೆ ಸಾವು ಮುಂಚಿತವಾಗಿ ಆಗಿಹೋದದ್ದರ ಫಲ. 1921ರ ನಂತರದ್ದು ಸಾವೇ ನಿಜಕ್ಕೂ ಕಡಿಮೆಯಾದದ್ದರ ಫಲ. ರೈಲು ಒಳನಾಡಿಗೆ ತಲುಪಿತ್ತು, ಪ್ಲೇಗ್ ಕುಗ್ಗಿತ್ತು, ಕನ್ನಂಬಾಡಿಯ ನೀರು ಮಂಡ್ಯಕ್ಕೆ ಹರಿದಿತ್ತು. ಹೆರಿಗೆಗಳು ಮಾತ್ರ ಹಳೆಯ ಮಟ್ಟದಲ್ಲೇ ಇದ್ದವು. ಮೈಸೂರು ಸರ್ಕಾರ 1930ರಲ್ಲೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಮುಂದಾಯಿತಾದರೂ ಅದರ ಪರಿಣಾಮ ಗಣತಿಯಲ್ಲಿ ಕಾಣುವಷ್ಟಿರಲಿಲ್ಲ.

ಪಕ್ಕದ ಕೊಡಗು

ಒಂದು ಪ್ರಾಂತ್ಯದ ಲೆಕ್ಕವನ್ನು ಅದರ ನೆರೆಯದರ ಜೊತೆ ಇಟ್ಟು ನೋಡುವುದು ಒಳ್ಳೆಯ ಪರೀಕ್ಷೆ. ಮೈಸೂರು ಶೇ 17 ಕಳೆದುಕೊಂಡ ಅದೇ ಅವಧಿಯಲ್ಲಿ ಕೊಡಗು 1,68,312ರಿಂದ 1,78,302ಕ್ಕೆ ಏರಿತು, ಶೇ 5.9. ಮಳೆ ಅಲ್ಲಿ ಅಷ್ಟು ಕೈಕೊಡುವುದಿಲ್ಲ. ಮೈಗೆ ಶಕ್ತಿಯಿದ್ದವರಿಗೆ ಕಾಫಿ ತೋಟಗಳಲ್ಲಿ ಕೂಲಿ ಇತ್ತು. ಮೈಸೂರಿನ ಕೊರತೆಯ ಸಣ್ಣ ತುಣುಕೊಂದು ಇಲ್ಲಿ ಸಿಗುತ್ತದೆ ಎಂದುಕೊಳ್ಳಬಹುದು, ಆದರೆ ಹತ್ತು ಸಾವಿರದ ಏರಿಕೆ ಹನ್ನೊಂದು ಲಕ್ಷದ ಕೊರತೆಯಲ್ಲಿ ಶೇ 1 ಕೂಡ ಅಲ್ಲ. ವಲಸೆ ಹೋದವರು ಎಲ್ಲೋ ಇದ್ದಾರೆ ಎಂಬ ಸಮಾಧಾನದ ವಾದಕ್ಕೆ ಈ ಅಂಕಿ ಸಾಕಷ್ಟು ಉತ್ತರ.

ಆಮೇಲಿನ ಕೊಡಗಿನ ದಾರಿ ಮೈಸೂರಿಗೆ ತದ್ವಿರುದ್ಧ. 1891ರಲ್ಲಿ 1,73,055, 1901ರಲ್ಲಿ 1,80,607, 1911ರಲ್ಲಿ 1,74,976, 1921ರಲ್ಲಿ 1,63,838, 1931ರಲ್ಲಿ 1,63,327. ಕಾಫಿಗೆ ಕಾಂಡಕೊರಕ, ಎಲೆರೋಗ ತಗಲಿದಾಗಲೆಲ್ಲ ಕೂಲಿಯವರು ಕಡಿಮೆ. ಎಣಿಕೆಯ ದಿನ ಅವರು ತೋಟದಲ್ಲಿದ್ದರೆ ಒಂದು ಅಂಕಿ, ಘಟ್ಟ ಇಳಿದಿದ್ದರೆ ಇನ್ನೊಂದು. ಎಲ್ಲದರ ಕೆಳಗೆ ಮಲೇರಿಯಾ. ಬರ ಕಾಣದ ಕೊಡಗು 1941ರಲ್ಲಿ 1,68,726ರಲ್ಲಿ ನಿಂತಿತ್ತು, ಎಪ್ಪತ್ತು ವರ್ಷದಲ್ಲಿ ಹೆಚ್ಚಿದ್ದು 414 ಜನ. ಮುಂದಿನ ಹತ್ತೇ ವರ್ಷದಲ್ಲಿ, ಡಿಡಿಟಿ ಬಂದು ಮಲೇರಿಯಾ ಹಿಡಿತಕ್ಕೆ ಸಿಕ್ಕಿ, ಹೊರಗಿನವರೂ ಬಂದು ನೆಲೆಸಿದ ಕಾಲಕ್ಕೆ, ಅದು 2,29,405 ಆಯಿತು: ಶೇ 36ರ ಏರಿಕೆ.